ಲಿಂಫೋಮಾ ಇರುವ ಅಪ್ಪ ಅನ್ನ ಬಿಟ್ಟಿದ್ದಾರೆ. ಕ್ಯಾನ್ಸರ್ ಕೋಶಕ್ಕೂ ಸಕ್ಕರೆಗೂ ನಿಜವಾದ ಸಂಬಂಧ ಏನು?

ಹೊಂಗೆ ನೆರಳು, ತಿಪಟೂರು

ನನ್ನ ತಂದೆಗೆ 61 ವರ್ಷ, ತೆಂಗಿನ ತೋಟವಿದೆ. ಕತ್ತಿನ ಗಂಟಿನ ಬಯಾಪ್ಸಿ ಮಾಡಿಸಿದಾಗ ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ, ಅಂದರೆ ಒಂದು ಬಗೆಯ ಬಿಳಿ ರಕ್ತಕಣದ ಕ್ಯಾನ್ಸರ್, ಎಂದು ತಿಳಿಯಿತು. ಬೆಂಗಳೂರಿನಲ್ಲಿ ಆರ್-ಚಾಪ್ ಕೀಮೋಥೆರಪಿ ನಡೆಯುತ್ತಿದೆ, ಎರಡು ಸುತ್ತು ಮುಗಿದಿವೆ. ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇದೆ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ.

ಚಿಕಿತ್ಸೆಗೆ ಮುಂಚೆ ಮಾಡಿಸಿದ ಪೆಟ್ ಸ್ಕ್ಯಾನ್ ವರದಿಯಲ್ಲಿ ಕತ್ತು, ಕಂಕುಳು ಮತ್ತು ಎದೆಯ ನಡುವಿನ ಗ್ರಂಥಿಗಳು ಗ್ಲೂಕೋಸನ್ನು ಅತಿಯಾಗಿ ಹೀರಿಕೊಳ್ಳುತ್ತಿವೆ ಎಂದು ಬರೆದಿತ್ತು. ಆ ಸಾಲು ನಮ್ಮ ಚಿಕ್ಕಪ್ಪನ ಕಣ್ಣಿಗೆ ಬಿದ್ದದ್ದೇ ತಡ, ಮನೆಯಲ್ಲಿ ಬೇರೆ ಮಾತೇ ಇಲ್ಲ. ಜರ್ಮನಿಯ ಆಟೋ ವಾರ್ಬರ್ಗ್ ಎಂಬ ವಿಜ್ಞಾನಿ ಸಕ್ಕರೆಯೇ ಕ್ಯಾನ್ಸರಿನ ಮೂಲವೆಂದು ಸಾಬೀತು ಮಾಡಿ 1931ರಲ್ಲಿ ನೊಬೆಲ್ ಪಡೆದರು, ಔಷಧ ಕಂಪನಿಗಳು ಅದನ್ನು ಮುಚ್ಚಿಟ್ಟಿವೆ ಎಂಬ ಸಂದೇಶ ಅವರ ಮೊಬೈಲ್‌ನಲ್ಲಿದೆ. ಅಪ್ಪ ಅದನ್ನು ಪೂರ್ತಿ ನಂಬಿದ್ದಾರೆ. ಅನ್ನ, ಮುದ್ದೆ, ಹಾಲು, ಬಾಳೆಹಣ್ಣು ಎಲ್ಲ ಬಿಟ್ಟರು. ಬೆಳಿಗ್ಗೆ ಕೊಬ್ಬರಿ ಎಣ್ಣೆ ಬೆರೆಸಿದ ಬಿಸಿನೀರು, ಮಧ್ಯಾಹ್ನ ಬೇಯಿಸಿದ ಸೊಪ್ಪು, ರಾತ್ರಿ ಏನೂ ಇಲ್ಲ. ಪಂಚೆ ಸೊಂಟದ ಮೇಲೆ ನಿಲ್ಲುತ್ತಿಲ್ಲ. ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕು.

ನನಗೆ ಸಮಾಧಾನದ ಮಾತು ಬೇಡ, ವಿಷಯ ಬೇಕು. ವಾರ್ಬರ್ಗ್ ನಿಜಕ್ಕೂ ಏನು ಕಂಡರು? ಕ್ಯಾನ್ಸರ್ ಕೋಶ ಸಕ್ಕರೆಯನ್ನು ಹೆಚ್ಚು ಬಳಸುತ್ತದೆ ಎಂಬುದು ಸುಳ್ಳಾದರೆ ಪೆಟ್ ಸ್ಕ್ಯಾನ್ ಹೇಗೆ ಕೆಲಸ ಮಾಡುತ್ತದೆ? ನಿಜವಾದರೆ ಅಪ್ಪನನ್ನು ಊಟ ಮಾಡಿ ಎಂದು ಒತ್ತಾಯಿಸುವುದು ತಪ್ಪೇ? ನಾನು ಬಿ.ಕಾಂ. ಓದಿದವಳು, ಬಿಡಿಸಿ ಹೇಳಿ.

ಪೆಟ್ ಕೊಠಡಿ, ಹುಬ್ಬಳ್ಳಿ

ನಾನು ನ್ಯೂಕ್ಲಿಯರ್ ಮೆಡಿಸಿನ್ ತಂತ್ರಜ್ಞ. ಸ್ಕ್ಯಾನಿನ ವಿಷಯ ಮಾತ್ರ ಹೇಳುತ್ತೇನೆ.

ನಾವು ಚುಚ್ಚುವುದು ಮಾಮೂಲಿ ಗ್ಲೂಕೋಸ್ ಅಲ್ಲ. ಗ್ಲೂಕೋಸಿನ ಎರಡನೇ ಇಂಗಾಲದ ಮೇಲಿರುವ ಹೈಡ್ರಾಕ್ಸಿಲ್ ಗುಂಪನ್ನು ತೆಗೆದು ಅಲ್ಲಿ ವಿಕಿರಣಶೀಲ ಫ್ಲೂರಿನ್-18 ಕೂರಿಸಿದ ಅಣು, ಎಫ್‌ಡಿಜಿ. ಕೋಶಪೊರೆಯ ಸಾಗಣೆ ಪ್ರೋಟೀನಿಗೆ ಇದರ ವ್ಯತ್ಯಾಸ ತಿಳಿಯುವುದಿಲ್ಲ, ಒಳಗೆ ಬಿಡುತ್ತದೆ. ಹೆಕ್ಸೊಕೈನೇಸ್ ಕಿಣ್ವ ಅದಕ್ಕೊಂದು ಫಾಸ್ಫೇಟ್ ಅಂಟಿಸುತ್ತದೆ. ಮುಂದಿನ ಹಂತಕ್ಕೆ ಆ ಕಾಣೆಯಾದ ಹೈಡ್ರಾಕ್ಸಿಲ್ ಬೇಕು. ಅದಿಲ್ಲದ್ದರಿಂದ ಅಣು ಮುಂದಕ್ಕೂ ಹೋಗದೆ, ಹೊರಕ್ಕೂ ಬಾರದೆ ಅಲ್ಲೇ ಸಿಕ್ಕಿಬೀಳುತ್ತದೆ. ಎಲ್ಲಿ ಹೆಚ್ಚು ಸಿಕ್ಕಿಬಿದ್ದಿದೆಯೋ ಆ ಜಾಗ ಪರದೆಯ ಮೇಲೆ ಹೊಳೆಯುತ್ತದೆ. 1976ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ತಯಾರಾದ ಎಫ್‌ಡಿಜಿಯನ್ನು ಫಿಲಡೆಲ್ಫಿಯಾಗೆ ಕಳುಹಿಸಿ ಮೊದಲ ಬಾರಿಗೆ ಮನುಷ್ಯರ ಮೇಲೆ ಬಳಸಿದರು. ಅವರು ನೋಡಹೊರಟದ್ದು ಮೆದುಳನ್ನು, ಕ್ಯಾನ್ಸರನ್ನಲ್ಲ.

ಇದನ್ನು ನಿಮ್ಮ ಚಿಕ್ಕಪ್ಪನಿಗೆ ತೋರಿಸಿ: ನನ್ನ ಮುಂದೆ ಬರುವ ಪ್ರತಿಯೊಂದು ಚಿತ್ರದಲ್ಲಿಯೂ ಮೆದುಳು ಹೊಳೆಯುತ್ತದೆ. ಮೂತ್ರಕೋಶ ಹೊಳೆಯುತ್ತದೆ, ಏಕೆಂದರೆ ಮಿಕ್ಕ ಔಷಧ ಅಲ್ಲಿಂದ ಹೊರಹೋಗಬೇಕು. ಹೃದಯ ಒಮ್ಮೊಮ್ಮೆ ಹೊಳೆಯುತ್ತದೆ. ಚುಚ್ಚುಮದ್ದಿನ ನಂತರದ ಒಂದು ಗಂಟೆಯಲ್ಲಿ ರೋಗಿ ಫೋನಿನಲ್ಲಿ ಮಾತನಾಡುತ್ತಿದ್ದರೆ ಧ್ವನಿಪೆಟ್ಟಿಗೆಯ ಸ್ನಾಯು ಹೊಳೆಯುತ್ತದೆ. ಅದಕ್ಕೇ ಆ ಕೋಣೆಯಲ್ಲಿ ಮಾತು ಬೇಡ, ಏನನ್ನೂ ಅಗಿಯಬೇಡಿ ಎನ್ನುತ್ತೇವೆ. ಎ.ಸಿ. ಚಳಿಗೆ ನಡುಗಿದರೆ ಕತ್ತಿನ ಪಕ್ಕದ ಕಂದು ಕೊಬ್ಬು ಹೊಳೆಯುತ್ತದೆ, ಅದಕ್ಕೇ ಕಂಬಳಿ ಹೊದಿಸುತ್ತೇವೆ. ಕ್ಷಯದ ಗಂಟುಗಳು ಲಿಂಫೋಮಾದಷ್ಟೇ ಜೋರಾಗಿ ಹೊಳೆಯಬಲ್ಲವು. ನಮ್ಮ ದೇಶದಲ್ಲಿ ಚಿತ್ರ ನೋಡಿ ಕ್ಯಾನ್ಸರ್ ಎನ್ನದೆ ಬಯಾಪ್ಸಿಗೆ ಕಳುಹಿಸುವುದು ಈ ಕಾರಣಕ್ಕೆ. ಇನ್ನೊಂದು ಕಡೆ, ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಅನೇಕವು ಎಫ್‌ಡಿಜಿಯನ್ನು ಮೂಸಿಯೂ ನೋಡುವುದಿಲ್ಲ. ಅವಕ್ಕೆ ಬೇರೆಯೇ ಔಷಧ ಬಳಸುತ್ತೇವೆ.

ಸ್ಕ್ಯಾನಿಗೆ ಮುಂಚೆ ನಾಲ್ಕರಿಂದ ಆರು ಗಂಟೆ ಉಪವಾಸ ಇರಿಸುವುದನ್ನೂ ಜನ ತಪ್ಪಾಗಿ ತಿಳಿಯುತ್ತಾರೆ. ಊಟವಾದರೆ ಇನ್ಸುಲಿನ್ ಏರಿ ಔಷಧವೆಲ್ಲ ಮಾಂಸಖಂಡಕ್ಕೆ ನುಗ್ಗುತ್ತದೆ, ಚಿತ್ರ ಕೆಡುತ್ತದೆ. ಅಷ್ಟೇ. ಗೆಡ್ಡೆಯನ್ನು ಉಪವಾಸ ಕೆಡವಲು ಅಲ್ಲ.

ನಿವೃತ್ತ ಮೇಷ್ಟ್ರು, ಮೈಸೂರು

ತಾಯಿ, ನಾನು ಜೀವರಸಾಯನ ಕಲಿಸಿದವನು, ವೈದ್ಯನಲ್ಲ. ಔಷಧದ ಮಾತನ್ನು ನಿಮ್ಮ ವೈದ್ಯರಿಗೇ ಬಿಡುತ್ತೇನೆ. ಆದರೆ ವಾರ್ಬರ್ಗ್ ಹೆಸರಿನಲ್ಲಿ ಒಬ್ಬ ರೋಗಿಯ ತಟ್ಟೆಯಿಂದ ಅನ್ನ ಕಿತ್ತುಕೊಂಡದ್ದನ್ನು ಓದಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

1931ರ ನೊಬೆಲ್ ವಾರ್ಬರ್ಗ್‌ಗೆ ಬಂದದ್ದು ಉಸಿರಾಟದ ಕಿಣ್ವದ ಸ್ವರೂಪ ಮತ್ತು ಕಾರ್ಯವಿಧಾನ ಕಂಡುಹಿಡಿದುದಕ್ಕೆ. ಕೋಶದೊಳಗೆ ಆಮ್ಲಜನಕವನ್ನು ಹಿಡಿಯುವ, ಕಬ್ಬಿಣವುಳ್ಳ ಕಿಣ್ವ ಅದು. ಆ ಬಹುಮಾನ ಕ್ಯಾನ್ಸರ್ ಸಂಶೋಧನೆಗೆ ಬಂದದ್ದಲ್ಲ. ಮುಚ್ಚಿಟ್ಟಿದ್ದಾರೆ ಎಂಬುದೂ ಸುಳ್ಳು. ಗೆಡ್ಡೆಗಳ ಕುರಿತು ಅವರು ಕಂಡದ್ದನ್ನು ಎಂ.ಎಸ್‌ಸಿ. ತರಗತಿಯಲ್ಲಿ ನಾನೇ ವರ್ಷ ವರ್ಷವೂ ಪಾಠ ಮಾಡಿದ್ದೇನೆ.

ಅವರು ಕಂಡದ್ದು ಆ ಸಂದೇಶಕ್ಕಿಂತ ಬಹಳ ಸ್ವಾರಸ್ಯವಾಗಿದೆ. 1908ರಲ್ಲಿ, ಇನ್ನೂ ಯುವಕ, ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಮೊಟ್ಟೆ ಫಲಿತಗೊಂಡ ಕೂಡಲೇ ಅದರ ಆಮ್ಲಜನಕದ ಬಳಕೆ ಹಲವು ಪಟ್ಟು ಏರುವುದನ್ನು ಅಳೆದಿದ್ದರು. ಬೆಳೆಯುವ ಕೋಶ ಹೆಚ್ಚು ಉಸಿರಾಡುತ್ತದೆ, ಹಾಗಿದ್ದರೆ ಗೆಡ್ಡೆಯೂ ಹಾಗೆಯೇ ಇರಬೇಕು ಎಂಬುದು ಅವರ ನಿರೀಕ್ಷೆ. 1920ರ ದಶಕದಲ್ಲಿ ಬರ್ಲಿನ್‌ನ ಡಾಲೆಮ್‌ನಲ್ಲಿ ಹೆಗ್ಗಣಗಳ ಗೆಡ್ಡೆಯನ್ನು ಕೈಗೆತ್ತಿಕೊಂಡರು. ಗೆಡ್ಡೆಯನ್ನು ಅರ್ಧ ಮಿಲಿಮೀಟರಿಗಿಂತ ತೆಳುವಾಗಿ ಸೀಳಬೇಕು, ಇಲ್ಲದಿದ್ದರೆ ಆಮ್ಲಜನಕ ಒಳಗಿನ ಪದರಕ್ಕೆ ಇಳಿಯುವುದಿಲ್ಲ. ಆ ಸೀಳನ್ನು ಗ್ಲೂಕೋಸ್ ಮತ್ತು ಬೈಕಾರ್ಬನೇಟ್ ಇರುವ ದ್ರಾವಣದಲ್ಲಿ ತೇಲಿಬಿಟ್ಟು, ಪುಟ್ಟ ಗಾಜಿನ ಪಾತ್ರೆಯನ್ನು ಅನಿಲದ ಒತ್ತಡ ಅಳೆಯುವ ಮಾನೊಮೀಟರ್ ನಳಿಗೆಗೆ ಜೋಡಿಸಿ ನೀರಿನ ತೊಟ್ಟಿಯಲ್ಲಿ ಅಲುಗಾಡಿಸುತ್ತಾರೆ. ಕೋಶಗಳು ಲ್ಯಾಕ್ಟಿಕ್ ಆಮ್ಲ ಬಿಟ್ಟರೆ ಬೈಕಾರ್ಬನೇಟಿನಿಂದ ಇಂಗಾಲದ ಡೈಆಕ್ಸೈಡ್ ಏಳುತ್ತದೆ, ನಳಿಗೆಯ ದ್ರವ ಸರಿಯುತ್ತದೆ. ಆ ಸರಿದ ದೂರವೇ ಲೆಕ್ಕ. ಆಮ್ಲಜನಕದ ಬಳಕೆಯಲ್ಲಿ ನಿರೀಕ್ಷಿಸಿದ ಏರಿಕೆ ಕಾಣಲಿಲ್ಲ. ಲ್ಯಾಕ್ಟಿಕ್ ಆಮ್ಲ ಮಾತ್ರ ಧಾರಾಳವಾಗಿ ಬಂತು, ಅದೂ ಆಮ್ಲಜನಕ ಬೇಕಾದಷ್ಟು ಇರುವಾಗ.

ಓಡಿ ಓಡಿ ದಣಿದ ಕಾಲಿನ ಸ್ನಾಯು ಲ್ಯಾಕ್ಟಿಕ್ ಆಮ್ಲ ಮಾಡುವುದು ಎಲ್ಲರಿಗೂ ಗೊತ್ತು. ಇಲ್ಲಿ ಆಮ್ಲಜನಕದ ಕೊರತೆಯೇ ಇಲ್ಲ. ಆದರೂ ಗೆಡ್ಡೆಯ ಕೋಶ ಗ್ಲೂಕೋಸನ್ನು ಅರ್ಧಕ್ಕೇ ಮುರಿದು ಹೊರಕ್ಕೆ ಚೆಲ್ಲುತ್ತದೆ. ಪೂರ್ತಿ ಉರಿಸಿದರೆ ಒಂದು ಗ್ಲೂಕೋಸ್ ಅಣುವಿನಿಂದ ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಸುಮಾರು 30 ಸಿಗುತ್ತದೆ, ಹೀಗೆ ಮುರಿದರೆ ಕೇವಲ 2. ಗಾಜಿನ ಪಾತ್ರೆಯಲ್ಲಿ ಮಾತ್ರವಲ್ಲ, ಬದುಕಿರುವ ಪ್ರಾಣಿಯಲ್ಲೂ ಇದು ನಿಜ ಎಂದು ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿ 1925ರಲ್ಲಿ ತೋರಿಸಿದರು. ಒಂದು ರೆಕ್ಕೆಯಲ್ಲಿ ಗೆಡ್ಡೆಯಿದ್ದ ಕೋಳಿಯ ಎರಡೂ ರೆಕ್ಕೆಗಳಿಂದ ಮರಳುವ ರಕ್ತ ತೆಗೆದು ಹೋಲಿಸಿದಾಗ, ಗೆಡ್ಡೆಯ ಕಡೆ ಗ್ಲೂಕೋಸ್ ಕಡಿಮೆ, ಲ್ಯಾಕ್ಟಿಕ್ ಆಮ್ಲ ಹೆಚ್ಚು.

ಇಲ್ಲಿಯವರೆಗೆ ವಾರ್ಬರ್ಗ್ ಹೇಳಿದ್ದು ಸರಿ. ಮುಂದಿನದು ಸರಿಯಾಗಲಿಲ್ಲ. ಕೋಶದ ಉಸಿರಾಟ ಕೆಟ್ಟದ್ದರಿಂದಲೇ ಕ್ಯಾನ್ಸರ್ ಹುಟ್ಟುತ್ತದೆ ಎಂದು ಅವರು ವಾದಿಸಿದರು, 1956ರಲ್ಲಿಯೂ ಅದನ್ನೇ ಬರೆದರು. ಅದೇ ವರ್ಷ ಅಮೆರಿಕದ ಸಿಡ್ನಿ ವೈನ್‌ಹೌಸ್ ಎದುರು ನಿಂತರು: ಗೆಡ್ಡೆಗಳ ಉಸಿರಾಟ ಕೆಟ್ಟಿಲ್ಲ, ಅವು ಆಮ್ಲಜನಕವನ್ನು ಚೆನ್ನಾಗಿಯೇ ಬಳಸುತ್ತಿವೆ. ವೈನ್‌ಹೌಸ್ ಗೆದ್ದರು ಎಂದೇ ಹೇಳಬೇಕು. 2015ರಲ್ಲಿ ನ್ಯೂಜಿಲೆಂಡಿನ ಸಂಶೋಧಕರು, ಕೋಶದ ಉಸಿರಾಟ ನಡೆಯುವ ಅಂಗವಾದ ಮೈಟೊಕಾಂಡ್ರಿಯದ ಡಿಎನ್‌ಎ ಇಲ್ಲದ ಕ್ಯಾನ್ಸರ್ ಕೋಶಗಳನ್ನು ಇಲಿಗಳಿಗೆ ಚುಚ್ಚಿದರು. ಗೆಡ್ಡೆ ಕಟ್ಟುವುದು ಬಹಳ ತಡವಾಯಿತು. ಕೊನೆಗೆ ಬೆಳೆದ ಕೋಶಗಳಲ್ಲಿ ಇಲಿಯದೇ ಮೈಟೊಕಾಂಡ್ರಿಯದ ಡಿಎನ್‌ಎ ಸಿಕ್ಕಿತು! ಉಸಿರಾಟ ಬೇಡವಾಗಿದ್ದರೆ ಅದನ್ನು ಪಡೆದುಕೊಳ್ಳುವ ಅಗತ್ಯವೇ ಇರುತ್ತಿರಲಿಲ್ಲ.

ಹಾಗಾದರೆ ಈ ದುಂದು ಏಕೆ? ಒಂದು ಕೋಶ ಎರಡಾಗಬೇಕಾದರೆ ಅದಕ್ಕೆ ಶಕ್ತಿಯೊಂದೇ ಸಾಲದು, ಸರಕು ಬೇಕು. ಡಿಎನ್‌ಎಗೆ ರೈಬೋಸ್, ಪೊರೆಗೆ ಕೊಬ್ಬು, ಪ್ರೋಟೀನಿಗೆ ಅಮೈನೋ ಆಮ್ಲ. ಇವೆಲ್ಲ ಕವಲೊಡೆಯುವುದು ಗ್ಲೂಕೋಸ್ ಮುರಿಯುವ ಅದೇ ದಾರಿಯಿಂದ. ಮನೆ ಕಟ್ಟುತ್ತಿರುವವನು ತೊಲೆಗೆಂದು ತಂದ ಮರವನ್ನೆಲ್ಲ ಒಲೆಗೆ ಹಾಕುವುದಿಲ್ಲ. ಆ ಸರಕನ್ನು ತರಿಸು ಎಂದು ಆಜ್ಞೆ ಕೊಡುವುದು ಕೆಟ್ಟ ಜೀನುಗಳು: ಪಿಐ3ಕೆ ಎಂಬ ಸಂಕೇತದ ದಾರಿ ಸದಾ ತೆರೆದೇ ಇರುತ್ತದೆ, ಮಿಕ್ ಎಂಬ ಜೀನು ಅಬ್ಬರಿಸುತ್ತದೆ, ಎಚ್‌ಐಎಫ್-1 ಎಂಬ ಪ್ರೋಟೀನು ಗ್ಲೂಕೋಸ್ ಮುರಿಯುವ ಕಿಣ್ವಗಳನ್ನು ಹೆಚ್ಚಿಸುತ್ತದೆ. ಆಮ್ಲಜನಕ ಕಡಿಮೆಯಾದಾಗ ಕೋಶ ಹೇಗೆ ಅರಿಯುತ್ತದೆ ಎಂಬ ಸಂಶೋಧನೆಗೆ 2019ರ ನೊಬೆಲ್ ಬಂತಲ್ಲ, ಎಚ್‌ಐಎಫ್ ಅದರ ನಡುಮಧ್ಯದ್ದು.

ನಿಮ್ಮ ತಂದೆಗೆ ಇದನ್ನು ಹೀಗೆ ಹೇಳಿ. ನೆಗಡಿ ಬಂದಾಗ ವೈರಸ್ಸಿನ ಎದುರು ಹೋರಾಡಲು ಹೊರಟ ಲಿಂಫೋಸೈಟು ಎಂಬ ಆರೋಗ್ಯವಂತ ಬಿಳಿ ರಕ್ತಕಣ ಕೂಡ ಆಮ್ಲಜನಕ ಇದ್ದಾಗಲೂ ಗ್ಲೂಕೋಸನ್ನು ಹೀಗೆಯೇ ಮುರಿಯುತ್ತದೆ, ಏಕೆಂದರೆ ಅದಕ್ಕೂ ದಿಢೀರನೆ ಸಾವಿರಾರು ಆಗಬೇಕು. ಅದು ಕೆಲಸ ಮುಗಿದ ಮೇಲೆ ನಿಲ್ಲುತ್ತದೆ. ಅವರ ಗಂಟಿನಲ್ಲಿರುವ ಬಿ-ಲಿಂಫೋಸೈಟು ನಿಲ್ಲುವುದಿಲ್ಲ. ಕೆಟ್ಟಿರುವುದು ಆ ನಿಲ್ಲಿಸುವ ವ್ಯವಸ್ಥೆ. ಸಕ್ಕರೆಯ ಹಸಿವು ಅದರ ಹಿಂದೆ ಬಂದದ್ದು.

ಇನ್ನು ಊಟ. ಮನುಷ್ಯನ ಐದು ಲೀಟರ್ ರಕ್ತದಲ್ಲಿ ಒಟ್ಟು ಗ್ಲೂಕೋಸ್ ಇರುವುದು ಸುಮಾರು 5 ಗ್ರಾಂ, ಒಂದು ಟೀ ಚಮಚ. ಅದು ಇಳಿಯಲು ದೇಹ ಬಿಡುವುದಿಲ್ಲ, ಮೆದುಳು ಅದರ ಮೇಲೆ ನಿಂತಿದೆ. ತಟ್ಟೆಯಿಂದ ಬರದಿದ್ದರೆ ಯಕೃತ್ತಿನ ದಾಸ್ತಾನು ಕರಗುತ್ತದೆ. ಅದು ಒಂದು ದಿನದ ಮಟ್ಟಿಗೆ ಸಾಕು. ಆಮೇಲೆ ತೊಡೆ, ತೋಳು, ಬೆನ್ನಿನ ಸ್ನಾಯುವಿನ ಪ್ರೋಟೀನನ್ನು ಒಡೆದು ಯಕೃತ್ತು ಹೊಸ ಗ್ಲೂಕೋಸ್ ತಯಾರಿಸುತ್ತದೆ. ಗೆಡ್ಡೆ ಚೆಲ್ಲಿದ ಲ್ಯಾಕ್ಟಿಕ್ ಆಮ್ಲವನ್ನೂ ಮರಳಿ ಗ್ಲೂಕೋಸ್ ಮಾಡುತ್ತದೆ, ಅದರ ಖರ್ಚು ದೇಹದ್ದೇ. ಹೀಗಾಗಿ ಅನ್ನ ಬಿಟ್ಟಾಗ ಗೆಡ್ಡೆಗೆ ಸಕ್ಕರೆ ತಪ್ಪಲಿಲ್ಲ. ಸ್ನಾಯು ಕರಗಿತು. ಕುರ್ಚಿಯಿಂದ ಏಳಲು ಕೈ ಊರಬೇಕಾಗಿ ಬಂದದ್ದರ ಅರ್ಥ ಅದೇ ಇರಬಹುದು. ಕೀಮೋವನ್ನು ಪೂರ್ತಿ ಪ್ರಮಾಣದಲ್ಲಿ, ಹೇಳಿದ ದಿನಕ್ಕೆ ತಡೆದುಕೊಳ್ಳಬೇಕಾದ ದೇಹ ಅದು. ನಾಳೆಯೇ ವೈದ್ಯರಿಗೆ ತೂಕ ಇಳಿದದ್ದನ್ನು ತಿಳಿಸಿ, ಆಸ್ಪತ್ರೆಯ ಆಹಾರ ತಜ್ಞರನ್ನು ಕಾಣಿಸಿ.

ಬರಿಹೊಟ್ಟೆ, ಉಡುಪಿ

ಮೇಷ್ಟ್ರ ಮೇಲೆ ಗೌರವವಿದೆ, ಆದರೆ ಉಪವಾಸವನ್ನೂ, ಅನ್ನ-ಸಕ್ಕರೆ ತೀರ ಕಡಿಮೆ ಮಾಡಿ ಕೊಬ್ಬು ಹೆಚ್ಚಿಸುವ ಕೀಟೋ ಆಹಾರವನ್ನೂ ಹೀಗೆ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಕೀಟೋ ಆಹಾರದಿಂದ ಇಲಿಗಳಲ್ಲಿ ಔಷಧ ಹೆಚ್ಚು ಚೆನ್ನಾಗಿ ಕೆಲಸ ಮಾಡಿದ್ದನ್ನು ದೊಡ್ಡ ಪತ್ರಿಕೆಗಳೇ ಪ್ರಕಟಿಸಿವೆ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಕ್ಯಾನ್ಸರ್ ಕಡಿಮೆ ಎಂದೂ ಓದಿದ್ದೇನೆ. ನನ್ನ ಅಕ್ಕನ ಸ್ತನ ಕ್ಯಾನ್ಸರಿನ ಸಮಯದಲ್ಲಿ ಇದನ್ನೆಲ್ಲ ಹುಡುಕಿ ಹುಡುಕಿ ಓದಿದವನು ನಾನು. ಎಲ್ಲವೂ ವಾಟ್ಸ್ಆ್ಯಪ್ ಕಥೆಯಲ್ಲ.

ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು

ಮೇಷ್ಟ್ರೇ, ತೊಲೆಯ ಹೋಲಿಕೆಯಲ್ಲಿ ನನಗೊಂದು ತೊಡಕು. ಮರವನ್ನು ಉಳಿಸಿಕೊಳ್ಳಲು ಉರಿಸುತ್ತಿಲ್ಲ ಎಂದಾದರೆ, ಗ್ಲೂಕೋಸಿನ ಇಂಗಾಲದ ಬಹುಪಾಲನ್ನು ಲ್ಯಾಕ್ಟಿಕ್ ಆಮ್ಲವಾಗಿ ಹೊರಗೆ ಎಸೆಯುವುದೇಕೆ? ಎಸೆದ ಇಂಗಾಲದಿಂದ ಪೊರೆ ಕಟ್ಟಲಾಗದು.

ನಿವೃತ್ತ ಮೇಷ್ಟ್ರು, ಮೈಸೂರು

ಒಳ್ಳೆಯ ಪ್ರಶ್ನೆ, ಈ ಕ್ಷೇತ್ರವೇ ಇದರ ಮೇಲೆ ಬಹಳ ಕಾಲ ತಲೆ ಕೆಡಿಸಿಕೊಂಡಿದೆ. ಒಂದು ಉತ್ತರ ಎನ್‌ಎಡಿ ಎಂಬ ಸಾಗಣೆಯ ಅಣು. ಗ್ಲೂಕೋಸ್ ಮುರಿಯುವಾಗಲೂ, ನ್ಯೂಕ್ಲಿಯೊಟೈಡ್‌ಗಳಂತಹ ಸರಕು ತಯಾರಿಸುವಾಗಲೂ ಎಲೆಕ್ಟ್ರಾನುಗಳನ್ನು ಹೊರಲು ಎನ್‌ಎಡಿ ಬೇಕು. ಹೊತ್ತ ಮೇಲೆ ಅದನ್ನು ಖಾಲಿ ಮಾಡದಿದ್ದರೆ ಎಲ್ಲವೂ ನಿಲ್ಲುತ್ತದೆ. ಮೈಟೊಕಾಂಡ್ರಿಯ ಅದನ್ನು ಖಾಲಿ ಮಾಡಬಲ್ಲದು, ಆದರೆ ಆ ಕೆಲಸ ಎಟಿಪಿ ತಯಾರಿಕೆಗೆ ಜೋಡಿಸಿಕೊಂಡಿದೆ. ಎಟಿಪಿ ಸಾಕಷ್ಟಿದ್ದರೆ ಅಲ್ಲಿ ವೇಗ ತಗ್ಗುತ್ತದೆ. ಗ್ಲೂಕೋಸ್ ಮುರಿದಾಗ ಸಿಗುವ ಪೈರುವೇಟನ್ನು ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಮ್ಲದ ರೂಪ) ಮಾಡಿದರೆ ಎನ್‌ಎಡಿಯ ಹೊರೆ ತಕ್ಷಣ ಇಳಿದು ಮತ್ತೆ ಬಳಕೆಗೆ ಸಿಗುತ್ತದೆ. ಅಂದರೆ ಎಟಿಪಿಗಿಂತ ಎನ್‌ಎಡಿಯ ಅಗತ್ಯ ಹೆಚ್ಚಾದ ಕೋಶ ಹೀಗೆ ಚೆಲ್ಲುತ್ತದೆ. ಬಾಸ್ಟನ್ ಪಕ್ಕದ ಎಂಐಟಿಯ ವ್ಯಾಂಡರ್ ಹೈಡೆನ್ ಗುಂಪು 2021ರಲ್ಲಿ ಇದಕ್ಕೆ ಒಳ್ಳೆಯ ಸಾಕ್ಷ್ಯ ಕೊಟ್ಟಿದೆ. ಚೆಲ್ಲಿದ್ದೂ ವ್ಯರ್ಥವಲ್ಲ: ಡಲ್ಲಾಸ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಿಗೆ ಶಸ್ತ್ರಚಿಕಿತ್ಸೆಯ ವೇಳೆ ಇಂಗಾಲ-13ರ ಗುರುತಿನ ಗ್ಲೂಕೋಸ್ ಹರಿಸಿ ನೋಡಿದಾಗ, ಗೆಡ್ಡೆಗಳು ಗ್ಲೂಕೋಸನ್ನು ಪೂರ್ತಿ ಉರಿಸುವುದೂ ಕಂಡಿತು, ಲ್ಯಾಕ್ಟೇಟನ್ನು ಇಂಧನವಾಗಿ ಬಳಸುವುದೂ ಕಂಡಿತು.

ಉಡುಪಿಯ ಗೆಳೆಯರಿಗೆ: ನೀವು ಓದಿದ್ದು ಸುಳ್ಳಲ್ಲ. 2018ರ ಆ ಇಲಿ ಅಧ್ಯಯನದಲ್ಲಿ ಪಿಐ3ಕೆ ತಡೆಯುವ ಔಷಧದ ಜೊತೆ ಕೀಟೋ ಆಹಾರ ಕೊಟ್ಟಾಗ ಫಲ ಹೆಚ್ಚಿತು, ಏಕೆಂದರೆ ಆ ಔಷಧವೇ ಇನ್ಸುಲಿನ್ ಏರಿಸಿ ತನ್ನ ಕೆಲಸವನ್ನು ತಾನೇ ಕೆಡಿಸುತ್ತಿತ್ತು. ಅದೇ ವರದಿಯಲ್ಲಿ ಇನ್ನೊಂದು ಸಾಲಿದೆ: ಔಷಧವಿಲ್ಲದೆ ಕೀಟೋ ಆಹಾರ ಮಾತ್ರ ಕೊಟ್ಟಾಗ ಇಲಿಗಳ ಒಂದು ಬಗೆಯ ರಕ್ತಕ್ಯಾನ್ಸರ್ ಇನ್ನೂ ಬೇಗ ಹರಡಿತು. ಒಬ್ಬ ರಕ್ತಕ್ಯಾನ್ಸರ್ ರೋಗಿಯ ಮನೆಯವರಿಗೆ ಮೊದಲ ಸಾಲು ಹೇಳಿ ಎರಡನೆಯದನ್ನು ಬಿಡುವುದು ನ್ಯಾಯವಲ್ಲ. ಮೆಟ್‌ಫಾರ್ಮಿನ್‌ನ ಪರೀಕ್ಷೆಯೂ ನಡೆದುಹೋಗಿದೆ. ಸಕ್ಕರೆ ಕಾಯಿಲೆ ಇಲ್ಲದ 3,649 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ರೋಗ ಮರುಕಳಿಸುವುದನ್ನು ಅದು ತಡೆಯಲಿಲ್ಲ. ಅಕ್ಕನಿಗಾಗಿ ಹುಡುಕಿದ ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ಅದೇ ಕಾಳಜಿಯಿಂದ ಈ ಫಲಿತಾಂಶಗಳನ್ನೂ ಓದಿ.

ಚಯಾಪಚಯಕ್ಕೆ, ಅಂದರೆ ಕೋಶ ಆಹಾರವನ್ನು ಶಕ್ತಿಯಾಗಿ, ಸರಕಾಗಿ ಬದಲಿಸುವ ಕ್ರಿಯೆಗೆ, ಕೈಹಾಕಿ ಕ್ಯಾನ್ಸರನ್ನು ಮಣಿಸಲು ಸಾಧ್ಯವೇ ಇಲ್ಲ ಎಂದು ಯಾರೂ ತಿಳಿಯಬಾರದು. ಸಾಧ್ಯವಾಗಿದೆ, ಅದೂ ಬಹಳ ಹಿಂದೆ. ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ 1929ರಲ್ಲಿ ಹಾರ್ವರ್ಡ್‌ನಲ್ಲಿ ಫಿಸ್ಕೆ ಜೊತೆಗೂಡಿ ಎಟಿಪಿಯನ್ನು ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಲೋಮನ್ ಕೂಡ ಬೇರ್ಪಡಿಸಿದ್ದರು. ಮುಂದೆ ಲೆಡರ್ಲೆ ಪ್ರಯೋಗಾಲಯದಲ್ಲಿ ಅದೇ ಸುಬ್ಬರಾವ್ ಅವರ ತಂಡ ತಯಾರಿಸಿದ ಅಮೈನಾಪ್ಟೆರಿನ್ ಎಂಬ ಔಷಧ, ಕೋಶಗಳು ಫೋಲೇಟ್ ಎಂಬ ವಿಟಮಿನನ್ನು ಬಳಸದಂತೆ ಮಾಡಿ ಡಿಎನ್‌ಎ ತಯಾರಿಕೆಯನ್ನು ನಿಲ್ಲಿಸಿತು. ಬಾಸ್ಟನ್‌ನ ಸಿಡ್ನಿ ಫಾರ್ಬರ್ ಅದನ್ನು ರಕ್ತಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟು, 10 ಮಕ್ಕಳು ತಾತ್ಕಾಲಿಕವಾಗಿಯಾದರೂ ಚೇತರಿಸಿಕೊಂಡರು ಎಂದು 1948ರಲ್ಲಿ ಬರೆದರು. ಮೆಥೊಟ್ರೆಕ್ಸೇಟ್ ಅದರ ಒಡಹುಟ್ಟು. ಮಕ್ಕಳ ರಕ್ತಕ್ಯಾನ್ಸರಿಗೆ ಇಂದೂ ಕೊಡುವ ಆ್ಯಸ್ಪರಾಜಿನೇಸ್ ರಕ್ತದಲ್ಲಿನ ಆ್ಯಸ್ಪರಾಜಿನ್ ಎಂಬ ಒಂದೇ ಒಂದು ಅಮೈನೋ ಆಮ್ಲವನ್ನು ಬರಿದು ಮಾಡುತ್ತದೆ. ಲ್ಯುಕೇಮಿಯಾ ಕೋಶ ಅದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದೆ ಸಾಯುತ್ತದೆ. ಕ್ಯಾನ್ಸರಿಗೆ ಬೇಕಾಗಿ ದೇಹಕ್ಕೆ ಅಷ್ಟು ಬೇಡವಾದ ಒಂದು ಗುರಿ ಸಿಕ್ಕರೆ ಇದು ಫಲಿಸುತ್ತದೆ. ಗ್ಲೂಕೋಸ್ ಅಂತಹ ಗುರಿಯಲ್ಲ.

ಇನ್ನೊಂದು ಮಾತು ಬಿಟ್ಟುಹೋಯಿತು. ಚಯಾಪಚಯದ ಕಿಣ್ವವೇ ಕೆಟ್ಟು ಕ್ಯಾನ್ಸರಿಗೆ ದಾರಿಯಾಗುವ ಸಂದರ್ಭಗಳೂ ಇವೆ. ಗ್ಲಿಯೋಮಾ ಎಂಬ ಮೆದುಳಿನ ಗೆಡ್ಡೆಗಳಲ್ಲಿ ಕೆಲವದರಲ್ಲಿ ಐಡಿಎಚ್ ಎಂಬ ಕಿಣ್ವದ ಜೀನು ಬದಲಾಗಿರುತ್ತದೆ. 2008ರಲ್ಲಿ ಅದು ಕಂಡುಬಂತು. ಬದಲಾದ ಕಿಣ್ವ 2-ಹೈಡ್ರಾಕ್ಸಿಗ್ಲುಟಾರೇಟ್ ಎಂಬ ವಸ್ತುವನ್ನು ರಾಶಿ ಹಾಕುತ್ತದೆ, ಅದು ಡಿಎನ್‌ಎ ಮೇಲಿನ ಗುರುತುಗಳನ್ನು ಕೆಡಿಸಿ ಕೋಶ ಬಲಿಯದಂತೆ ತಡೆಯುತ್ತದೆ. ಆ ಕಿಣ್ವವನ್ನು ತಡೆಯುವ ವೊರಾಸಿಡೆನಿಬ್ ಎಂಬ ಮಾತ್ರೆಗೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಉಸಿರಾಟ ಮತ್ತು ಕ್ಯಾನ್ಸರಿನ ನಡುವೆ ನಂಟಿದೆ ಎಂಬ ವಾರ್ಬರ್ಗ್ ಅವರ ಹಟದಲ್ಲಿ ಒಂದಿಷ್ಟು ಸತ್ಯ ಹೀಗೆ ಬೇರೆ ರೂಪದಲ್ಲಿ ಉಳಿದುಕೊಂಡಿದೆ.

ಹೊಂಗೆ ನೆರಳು, ತಿಪಟೂರು

ಎಲ್ಲರಿಗೂ ಕೃತಜ್ಞತೆ. ಲಿಂಫೋಸೈಟಿನ ಮಾತನ್ನು ಅಪ್ಪನಿಗೆ ಓದಿ ಹೇಳಿದೆ, ಎರಡು ಸಲ ಕೇಳಿದರು. ಆಹಾರ ತಜ್ಞರನ್ನು ಕಂಡಿದ್ದೇವೆ. ಮೊಟ್ಟೆ, ಮೊಸರು, ಬೇಳೆ, ಅಳತೆಯ ಮುದ್ದೆ ಬರೆದುಕೊಟ್ಟಿದ್ದಾರೆ. ಆದರೆ ಆರ್-ಚಾಪ್‌ನಲ್ಲಿರುವ ಪ್ರೆಡ್ನಿಸೋಲೋನ್ ಎಂಬ ಸ್ಟೆರಾಯ್ಡ್ ಮಾತ್ರೆ ನುಂಗುವ ಐದು ದಿನ ಅವರ ಸಕ್ಕರೆ 300 ದಾಟುತ್ತದೆ. ಅದು ಗೆಡ್ಡೆಗೆ ಆಹಾರವಾಗುತ್ತದೆಯೇ ಎಂಬ ಭಯ ಇನ್ನೂ ಇದೆ. ನಾಲ್ಕನೇ ಸುತ್ತಿನ ನಂತರ ಮತ್ತೆ ಪೆಟ್ ಸ್ಕ್ಯಾನ್ ಇದೆ, ಅದಕ್ಕೆ ಹೇಗೆ ಸಿದ್ಧವಾಗಬೇಕು?

ಪೆಟ್ ಕೊಠಡಿ, ಹುಬ್ಬಳ್ಳಿ

300 ಎಂದರೆ ಇಳಿಸಲೇಬೇಕು. ಕಾರಣ ಬೇರೆ: ಕೀಮೋದಲ್ಲಿ ಬಿಳಿ ರಕ್ತಕಣ ಕುಸಿದಿರುವಾಗ ಏರಿದ ಸಕ್ಕರೆ ಸೋಂಕಿಗೆ ದಾರಿ ಮಾಡುತ್ತದೆ. ಆ ಐದು ದಿನಕ್ಕೆ ಇನ್ಸುಲಿನ್ ಬೇಕೇ ಎಂದು ವೈದ್ಯರನ್ನು ಈಗಲೇ ಕೇಳಿ, ಮುಂದಿನ ಸುತ್ತಿನವರೆಗೆ ಕಾಯಬೇಡಿ.

ಸ್ಕ್ಯಾನನ್ನು ಐದನೇ ಸುತ್ತಿಗೆ ಮುಂಚೆ, ಆದರೆ ಅದಕ್ಕೆ ತೀರ ಸಮೀಪದ ದಿನಕ್ಕೆ ಇಟ್ಟುಕೊಳ್ಳಿ. ಕೀಮೋ ಆದ ಕೂಡಲೇ ಮಾಡಿದರೆ ಸತ್ತ ಕೋಶಗಳನ್ನು ತೆರವುಗೊಳಿಸುವ ಉರಿಯೂತವೂ ಹೊಳೆಯುತ್ತದೆ. ಆ ಬೆಳಿಗ್ಗೆ ಸಕ್ಕರೆ 200ಕ್ಕಿಂತ ಕೆಳಗಿರಬೇಕು. ಸ್ಕ್ಯಾನಿಗೆ ತೀರ ಮುಂಚೆ ಇನ್ಸುಲಿನ್ ಹಾಕಿಸಿ ಅದನ್ನು ಇಳಿಸಬೇಡಿ, ಔಷಧ ಸ್ನಾಯುವಿಗೆ ಹೋಗಿಬಿಡುತ್ತದೆ. ಮೆಟ್‌ಫಾರ್ಮಿನ್ ಕರುಳನ್ನು ಹೊಳೆಯಿಸುವುದರಿಂದ 48 ಗಂಟೆ ಮುಂಚೆ ನಿಲ್ಲಿಸಲು ಹೇಳುವುದುಂಟು, ಆದರೆ ನೀವಾಗಿ ನಿಲ್ಲಿಸಬೇಡಿ, ಕೇಂದ್ರಕ್ಕೆ ಫೋನ್ ಮಾಡಿ ಕೇಳಿ.

ವರದಿಯಲ್ಲಿ ಡೋವಿಲ್ ಅಂಕ ಎಂದು 1ರಿಂದ 5ರವರೆಗೆ ಒಂದು ಸಂಖ್ಯೆ ಇರುತ್ತದೆ. ಗಂಟಿನ ಹೊಳಪನ್ನು ಎದೆಯ ನಡುವಿನ ದೊಡ್ಡ ರಕ್ತನಾಳದ ಮತ್ತು ಯಕೃತ್ತಿನ ಹೊಳಪಿನೊಡನೆ ಹೋಲಿಸಿ ಕೊಡುವ ಅಂಕ ಅದು. ಗಂಟು ಇನ್ನೂ ಕೈಗೆ ಸಿಗುತ್ತಿದ್ದರೂ ಅಂಕ 1, 2 ಅಥವಾ 3 ಬಂದರೆ ಸಾಮಾನ್ಯವಾಗಿ ಔಷಧ ಕೆಲಸ ಮಾಡಿದೆ ಎಂದೇ ಲೆಕ್ಕ, ಏಕೆಂದರೆ ಗಾತ್ರ ಕುಗ್ಗುವ ಮುಂಚೆಯೇ ಚಯಾಪಚಯ ಆರುತ್ತದೆ. ಬಿಳಿ ರಕ್ತಕಣ ಏರಿಸುವ ಚುಚ್ಚುಮದ್ದು ಕೊಡುತ್ತಿದ್ದರೆ ಅದನ್ನು ಕೊಟ್ಟ ತಾರೀಖಿನ ಚೀಟಿಯನ್ನು ಮರೆಯದೆ ತನ್ನಿ. ಅದರಿಂದ ಮೂಳೆಮಜ್ಜೆ ಮತ್ತು ಗುಲ್ಮ (ಸ್ಪ್ಲೀನ್) ಪೂರ್ತಿ ಹೊಳೆಯುತ್ತವೆ. ಚೀಟಿ ಇಲ್ಲದಿದ್ದರೆ ವರದಿ ಬರೆಯುವ ವೈದ್ಯರು ರೋಗ ಅಲ್ಲಿಗೂ ಹರಡಿರಬಹುದೇ ಎಂದು ಅನುಮಾನಿಸಬೇಕಾಗುತ್ತದೆ.